ಅಡಿಕೆ ತೋಟಕ್ಕೆ ಎಂತಹ ಕಿರು ಟ್ರ್ಯಾಕ್ಟರ್?

ತೋಟದ ಕಳೆ ಸವರಲು ಕಿರು ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ವಿಚಾರಿಸುವುದು ಅಶ್ವಶಕ್ತಿಯನ್ನು. ಮೊದಲು ಅಳೆಯಬೇಕಾದುದು ಸಾಲಿನ ಅಂತರವನ್ನು ಎಂಬುದು ನನ್ನ ಅಭಿಪ್ರಾಯ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಸುಮಾರು 9 ಅಡಿ. ನಡುವೆ ಬಾಳೆ, ಕೋಕೋ ಇದ್ದರೆ ದಾರಿ ಇನ್ನೂ ಕಿರಿದು. ಬಸಿಗಾಲುವೆ ಇದ್ದರೆ ದಾರಿಯೇ ಇಲ್ಲ.

ಹುಲ್ಲು ಕತ್ತರಿಸುವ ಸಲಕರಣೆ ಹಿಂದಿನ ಚಕ್ರಗಳ ಹೊರ ಅಂಚಿನಷ್ಟಾದರೂ ಅಗಲವಿರಲಿ. ಅದನ್ನು ತಿರುಗಿಸುವ ಪಿ.ಟಿ.ಒ. ಶಕ್ತಿ ಎಂಜಿನ್ನಿನ ಅಶ್ವಶಕ್ತಿಗಿಂತ ಕಡಿಮೆಯೆಂಬುದು ನೆನಪಿರಲಿ.

ರೋಟವೇಟರಿನ ಆಸೆ ಬೇಡ. ಅಡಿಕೆಯ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಕಡಿದರೆ ನಷ್ಟ ಮರಕ್ಕೆ. ಸವರಿದ ಹುಲ್ಲಾದರೋ ಹೊದಿಕೆಯಾಗಿ ತೇವ ಕಾಯುತ್ತದೆ.

ವರ್ಷದಲ್ಲಿ ನಾಲ್ಕಾರು ದಿನದ ಕೆಲಸಕ್ಕೆ ಸಾಲ ಮಾಡುವುದಕ್ಕಿಂತ ಬಾಡಿಗೆ ಯಂತ್ರವೇ ಲೇಸು. ಕೊಳ್ಳಲೇಬೇಕೆಂದರೆ, ಅಳತೆಪಟ್ಟಿ ಹಿಡಿದು ಮೊದಲು ತೋಟ ಸುತ್ತಿರಿ. ಅಂಗಡಿಗೆ ಆಮೇಲೆ ಹೋಗಿರಿ.