ಅಂಡರ್‌ಟೇಕರ್ ವಾಪಸ್ ಬರಬಾರದಿತ್ತು

"ಮೊದಲೇ ಬರೆದಿಟ್ಟ ಕುಸ್ತಿ, ಅದರಲ್ಲಿ ಮರ್ಯಾದೆ ಹೋಗೋದೇನು ಬಂತು?" ಅಂತ ಅಂಡರ್‌ಟೇಕರ್ ಅಭಿಮಾನಿಗಳು ಕೇಳ್ತಾರೆ. ಬರೆದಿಟ್ಟಿದ್ದು ಅಂತಲೇ ನನ್ನ ತಕರಾರು ಸ್ವಾಮಿ! ನಿಜವಾದ ಅಖಾಡದಲ್ಲಿ ಸೋಲು ಪೈಲ್ವಾನನ ಕೈಲಿರಲ್ಲ. ಇಲ್ಲಿ ಕೊನೆ ಹೇಗಿರಬೇಕು ಅನ್ನೋದು ಕೈಯಲ್ಲೇ ಇತ್ತು.

ರೆಸಲ್‌ಮೇನಿಯಾದಲ್ಲಿ ಸತತ 21 ಗೆಲುವು. 2014ರಲ್ಲಿ ಲೆಸ್ನರ್ ಅದನ್ನು ಮುರಿದಾಗಲೂ ಅವನ ತೂಕ ಇಳಿಯಲಿಲ್ಲ. 2017ರಲ್ಲಿ ರೋಮನ್ ರೇನ್ಸ್‌ಗೆ ಸೋತು ಗ್ಲೌಸು, ಕೋಟು, ಟೋಪಿ ರಿಂಗಿನಲ್ಲೇ ಬಿಟ್ಟು ನಡೆದ. ಇದಕ್ಕಿಂತ ಒಳ್ಳೆ ವಿದಾಯ ಬೇಕಿತ್ತಾ? ಮರುವರ್ಷವೇ ವಾಪಸ್! 2019ರಲ್ಲಿ ಜೆಡ್ಡಾದಲ್ಲಿ ಗೋಲ್ಡ್‌ಬರ್ಗ್ ವಿರುದ್ಧ ಗೆದ್ದ, ಆದರೆ ಆ ಆಟ ನೋಡೋಕಾಗಲಿಲ್ಲ. 2020ರ ಸ್ಮಶಾನದ ಪಂದ್ಯ ಚೆನ್ನಾಗಿತ್ತು, ಒಪ್ಪಿದೆ. ಅದು ಸಿನಿಮಾ ಥರ ಚಿತ್ರೀಕರಿಸಿದ್ದು.

ಮಾಲೂರಿನ ಶಿವಾರಪಟ್ಟಣದ ಶಿಲ್ಪಿಗಳನ್ನು ಕೇಳಿ: ಕಣ್ಣು ಬಿಡಿಸಿದ ವಿಗ್ರಹದ ಮೇಲೆ ಮತ್ತೆ ಉಳಿ ಆಡಿಸ್ತಾರಾ?

ಏನಂತೀರಿ?