ತಕ್ಕಡಿಯೂ ಜಯಕಾರವೂ

ಇಂಗ್ಲೆಂಡನ್ನು ಪಾರ್ಲಿಮೆಂಟುಗಳ ತಾಯಿಯೆಂದು ಕರೆಯುವುದು ರಾಜ್ಯಶಾಸ್ತ್ರದ ತರಗತಿಗಳಲ್ಲಿ ವಾಡಿಕೆ. ಆ ತವರಿನಿಂದ ನಾವು ಪಡೆದ ಬಳುವಳಿಗಳು ಹಲವು. ಶಾಸನಸಭೆಗೆ ಹೊಣೆಯಾದ ಮಂತ್ರಿಮಂಡಲ ಅವುಗಳಲ್ಲೊಂದು. ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದೇ ಒಂದು ಓಟು ಹೆಚ್ಚು ಬಂದವನೂ ಗೆದ್ದನೆಂದು ಸಾರುವ ಎಣಿಕೆಯ ಪದ್ಧತಿ ಇನ್ನೊಂದು. ಮೊದಲನೆಯದನ್ನು ಕುರಿತು ಪರೀಕ್ಷೆಯಲ್ಲಿ ಪ್ರಬಂಧ ಬರೆಯುತ್ತೇವೆ. ಎರಡನೆಯದು ನ್ಯಾಯವೇ ಎಂದು ಕೇಳುವುದು ಅಪರೂಪ. ಬ್ರಿಟನ್ನಿನ ಈಚಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಕೇಳಬೇಕೆಂಬುದು ಈ ಲೇಖನದ ಉದ್ದೇಶ.

2024ರ ಜುಲೈ 4ರಂದು ಅಲ್ಲಿ ಮಹಾಚುನಾವಣೆ ನಡೆಯಿತು. ಸ್ಥಾನಗಳು 650. ನೂರಕ್ಕೆ ಸುಮಾರು 34 ಓಟು ಪಡೆದ ಲೇಬರ್ ಪಕ್ಷಕ್ಕೆ 411 ಸ್ಥಾನಗಳು ದೊರೆತವು. ನೂರಕ್ಕೆ 12 ಪಡೆದ ಲಿಬರಲ್ ಡೆಮೊಕ್ರಾಟರಿಗೆ 72 ಸ್ಥಾನ. ನೂರಕ್ಕೆ 14 ಪಡೆದ ರಿಫಾರ್ಮ್ ಪಕ್ಷಕ್ಕೆ ಕೇವಲ 5! ಒಬ್ಬರ ಓಟು ಕೆಲವೇ ಕ್ಷೇತ್ರಗಳಲ್ಲಿ ರಾಶಿಬಿದ್ದಿತ್ತು, ಇನ್ನೊಬ್ಬರದು ದೇಶದ ತುಂಬ ಚೆಲ್ಲಿಹೋಗಿತ್ತು, ವ್ಯತ್ಯಾಸವಿಷ್ಟೇ. 2015ರಲ್ಲಿಯೂ ಹೀಗೆಯೇ ಆಯಿತು. ಯುಕಿಪ್ ಎಂಬ ಪಕ್ಷಕ್ಕೆ ಸುಮಾರು 39 ಲಕ್ಷ ಓಟು ಬಂದು ಒಂದು ಸ್ಥಾನ ಸಿಕ್ಕಿತು. ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷಕ್ಕೆ 15 ಲಕ್ಷಕ್ಕೂ ಕಡಿಮೆ ಓಟು ಬಂದು 56 ಸ್ಥಾನ ಸಿಕ್ಕಿತು.

ರಿಫಾರ್ಮ್ ಮತ್ತು ಯುಕಿಪ್ ವಲಸೆಗಾರರ ಬರವನ್ನು ವಿರೋಧಿಸಿ ಬೆಳೆದ ಪಕ್ಷಗಳು. ಅವುಗಳ ಧೋರಣೆ ನನಗೆ ಒಪ್ಪಿಗೆಯಿಲ್ಲ. ಹಾಗಿದ್ದರೆ ಅವು ಸೋತದ್ದಕ್ಕೆ ಸಂತೋಷಪಡಬಾರದೇಕೆ ಎಂದು ಮಿತ್ರರು ಕೇಳಬಹುದು. ಅದಕ್ಕೆ ನನ್ನ ಉತ್ತರವಿದು. ನನ್ನ ತಂದೆತಾಯಿಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಊರಿನ ಪಂಚಾಯಿತಿಕಟ್ಟೆಯಲ್ಲಿ ನಮ್ಮ ತಂದೆಯ ಮಾತಿಗೆ ಉಳ್ಳವರ ಮಾತಿನ ತೂಕ ಎಂದೂ ಇಲ್ಲ. ಅವರು ಎಲ್ಲರಿಗೂ ಸಮನಾಗಿ ನಿಲ್ಲುವ ಸ್ಥಳವೊಂದೇ, ಅದು ಮತಗಟ್ಟೆ. ಆದುದರಿಂದ ಓಟಿನ ತೂಕ ತಪ್ಪಿತೆಂದರೆ, ತಪ್ಪಿದ್ದು ಯಾರ ಪಾಲಿಗೆ ಎಂದು ನೋಡಿ ನಗುವುದು ನನ್ನಿಂದಾಗದು. ನಮಗೆ ಬೇಡದವನ ಓಟನ್ನೂ ಸರಿಯಾಗಿ ತೂಗುವುದೇ ತಕ್ಕಡಿಯ ಧರ್ಮ.

ಹಳೆಯ ಪದ್ಧತಿಯನ್ನು ಸಮರ್ಥಿಸುವವರಿಗೂ ಎರಡು ವಾದಗಳುಂಟು: ಅದರಿಂದ ಸರ್ಕಾರ ಸ್ಥಿರವಾಗುತ್ತದೆ, ಅತಿರೇಕಿಗಳು ಬಾಗಿಲಾಚೆ ಉಳಿಯುತ್ತಾರೆ. 2011ರಲ್ಲಿ, ಓಟುಗಾರನು ಹುರಿಯಾಳುಗಳನ್ನು ತನ್ನ ಇಷ್ಟದ ಕ್ರಮದಲ್ಲಿ ಗುರುತಿಸುವ ಬೇರೊಂದು ಪದ್ಧತಿಯನ್ನು ಜನರ ಮುಂದಿಟ್ಟಾಗ, ನೂರಕ್ಕೆ 68 ಮಂದಿ ಬೇಡವೆಂದರು. ಇದನ್ನು ಮರೆಮಾಚಬಾರದು. ಆದರೆ ಸ್ಥಿರತೆಯ ಮಾತು ಎಷ್ಟರಮಟ್ಟಿಗೆ ನಿಜ? 2016ರ ಜೂನ್‌ನಿಂದ 2024ರ ಜುಲೈವರೆಗೆ ಆ ದೇಶ ಆರು ಮಂದಿ ಪ್ರಧಾನಿಗಳನ್ನು ಕಂಡಿತು. ಇನ್ನು ಅತಿರೇಕಿಗಳ ಮಾತು. ಯುಕಿಪ್ಪಿನ ಸದಸ್ಯರು ಹೆಚ್ಚು ಸಂಖ್ಯೆಯಲ್ಲಿ ಸಭೆಗೆ ಬರಲಿಲ್ಲ, ನಿಜ. ಆದರೆ ಆ ಪಕ್ಷ ತಮ್ಮ ಓಟು ಕಸಿದೀತೆಂಬ ಭಯ ಕನ್ಸರ್ವೇಟಿವರನ್ನು ಹಿಡಿಯಿತು. ಯೂರೋಪಿನ ಒಕ್ಕೂಟದಲ್ಲಿರಬೇಕೇ ಎಂದು ಜನರನ್ನು ಕೇಳುವೆನೆಂದು ಪ್ರಧಾನಿ ಕ್ಯಾಮೆರನ್ 2013ರಲ್ಲಿ ಮಾತು ಕೊಟ್ಟದ್ದಕ್ಕೆ ಆ ಭಯವೂ ಒಂದು ಕಾರಣ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು.

ಇಲ್ಲಿಯೇ ಜಯಕಾರದ ಪಾತ್ರ. ಗೆಲುವು ಸೋಲುಗಳು ಕೆಲವೇ ಕ್ಷೇತ್ರಗಳ ಕೆಲವೇ ಸಾವಿರ ಓಟುಗಳ ಮೇಲೆ ನಿಂತಾಗ, ವಿವರಿಸಿ ಹೇಳುವವನಿಗಿಂತ ಕೂಗಿ ಹೇಳುವವನಿಗೆ ಲಾಭ ಹೆಚ್ಚು. 1964ರಲ್ಲಿ ಲೇಬರ್ ಪಕ್ಷ ದೇಶದಲ್ಲಿ ಗೆದ್ದರೂ, ಅದರ ವಿದೇಶಾಂಗ ಮಂತ್ರಿಯಾಗಬೇಕಿದ್ದ ಗಾರ್ಡನ್ ವಾಕರರು ಸ್ಮೆಥಿಕ್ ಕ್ಷೇತ್ರದಲ್ಲಿ ಸೋತರು. ವಲಸೆಗಾರರ ಮೇಲಿನ ದ್ವೇಷವೇ ಅಲ್ಲಿಯ ಪ್ರಚಾರದ ಬಂಡವಾಳವಾಗಿತ್ತು. 1962ರ ವಲಸೆ ನಿರ್ಬಂಧ ಶಾಸನವನ್ನು ವಿರೋಧಿಸಿದ್ದ ಅದೇ ಲೇಬರ್ ಪಕ್ಷ, 1968ರಲ್ಲಿ, ಬ್ರಿಟಿಷ್ ಪಾಸ್‌ಪೋರ್ಟನ್ನೇ ಹಿಡಿದಿದ್ದ ಕೀನ್ಯದ ಭಾರತೀಯರನ್ನು ತಡೆಯಲು ಕೆಲವೇ ದಿನಗಳಲ್ಲಿ ಕಾನೂನು ಮಾಡಿತು. 2023ರಲ್ಲಿ ‘ದೋಣಿಗಳನ್ನು ತಡೆಯಿರಿ’ ಎಂಬ ಫಲಕದ ಹಿಂದೆ ನಿಂತು ಮಾತನಾಡಿದ ಪ್ರಧಾನಿ, ನಾವು ‘ಕರ್ನಾಟಕದ ಅಳಿಯ’ ಎಂದು ಹಿಗ್ಗಿದ ರಿಷಿ ಸುನಕ್. ಅವರ ತಂದೆತಾಯಿಗಳು ಪೂರ್ವ ಆಫ್ರಿಕದಿಂದ ವಲಸೆ ಬಂದವರು!

ದೇಶವನ್ನು ಪ್ರೀತಿಸುವುದು ತಪ್ಪಲ್ಲ. ಎಷ್ಟು ಜನರನ್ನು ಬರಮಾಡಿಕೊಳ್ಳಬೇಕೆಂದು ಒಂದು ದೇಶ ನಿರ್ಧರಿಸುವುದೂ ತಪ್ಪಲ್ಲ. ಮನೆ, ಆಸ್ಪತ್ರೆ, ಕೂಲಿ ಇವುಗಳ ಲೆಕ್ಕ ಅದರಲ್ಲಿ ಸೇರಿದೆ. ಆದರೆ ಜಯಕಾರ ಲೆಕ್ಕವನ್ನು ಹೇಳುವುದಿಲ್ಲ. ‘ಹತೋಟಿಯನ್ನು ಮರಳಿ ಪಡೆಯೋಣ’ ಎಂದು ಕೂಗಿ 2016ರಲ್ಲಿ ನೂರಕ್ಕೆ 52 ಓಟಿನಿಂದ ಗೆದ್ದರು. 2020ರಲ್ಲಿ ಒಕ್ಕೂಟವನ್ನು ಬಿಟ್ಟರು. ಅನಂತರ ವಲಸೆ ಇಳಿಯಲಿಲ್ಲ, ಹಿಂದೆಂದೂ ಇಲ್ಲದಷ್ಟು ಏರಿತು. ಆಸ್ಪತ್ರೆಗಳಿಗೆ ದಾದಿಯರು ಬೇಕಾಗಿದ್ದರು, ವಿಶ್ವವಿದ್ಯಾನಿಲಯಗಳಿಗೆ ಶುಲ್ಕ ಕೊಡುವ ವಿದ್ಯಾರ್ಥಿಗಳು ಬೇಕಾಗಿದ್ದರು. ಬಂದವರಲ್ಲಿ ನಮ್ಮವರೂ ಬಹಳ. ‘ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು’ ಎಂಬ ಗಾದೆ ಆ ದೇಶಕ್ಕೂ ಸಲ್ಲುತ್ತದೆ. ಕೆಟ್ಟದ್ದು ಯಾರ ಮನೆ? ಯುದ್ಧಾನಂತರ ಕೆರಿಬಿಯನ್ ದ್ವೀಪಗಳಿಂದ ಪ್ರಜೆಗಳಾಗಿಯೇ ಬಂದು ದುಡಿದವರಲ್ಲಿ ಹಲವರು ಕಾಗದಪತ್ರವಿಲ್ಲವೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡರು; ಕೆಲವರನ್ನು ಗಡೀಪಾರೂ ಮಾಡಲಾಯಿತು. 2018ರಲ್ಲಿ ಇದು ಬಯಲಾಗಿ ಗೃಹಮಂತ್ರಿಣಿ ರಾಜೀನಾಮೆ ಕೊಡಬೇಕಾಯಿತು.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಕಾಮನ್‌ವೆಲ್ತಿನ ಪ್ರಜೆಯೆಂಬ ಕಾರಣದಿಂದ, ವೀಸಾ ಪಡೆದು ಅಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿ ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಓಟು ಹಾಕಬಹುದು. ಮೂವತ್ತು ವರ್ಷ ಅಲ್ಲಿಯೇ ಬಾಳಿದ ಫ್ರಾನ್ಸಿನ ಪ್ರಜೆಗೆ ಆ ಹಕ್ಕಿಲ್ಲ. ಪರಕೀಯನಾರು ಎಂಬುದನ್ನು ಜಯಕಾರ ಹೇಳಿದಷ್ಟು ಸುಲಭವಾಗಿ ಕಾನೂನು ಹೇಳಲಾರದು.

ಇದೆಲ್ಲ ದೂರದ ಮಾತೆಂದು ತಳ್ಳುವಂತಿಲ್ಲ. ತಕ್ಕಡಿ ನಮ್ಮದೂ ಅದೇ. 2018ರಲ್ಲಿ ಕರ್ನಾಟಕದಲ್ಲಿಯೇ ನೂರಕ್ಕೆ 38 ಓಟು ಪಡೆದ ಪಕ್ಷಕ್ಕೆ 80 ಸ್ಥಾನ, 36 ಪಡೆದ ಪಕ್ಷಕ್ಕೆ 104 ಸ್ಥಾನ ಬಂದುವು. ಪಕ್ಷ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಓಟಿಗೆ ತಕ್ಕಷ್ಟು ಸ್ಥಾನ ದೊರೆಯುವ ಪದ್ಧತಿಯನ್ನು ಜರ್ಮನಿ, ನ್ಯೂಜಿಲೆಂಡ್ ಮೊದಲಾದ ದೇಶಗಳು ನಡೆಸಿಕೊಂಡು ಬಂದಿವೆ. ಅಲ್ಲಿಯೂ ಜಯಕಾರಗಳುಂಟು, ಆದರೆ ಅವುಗಳ ಬೆಂಬಲವೆಷ್ಟೆಂಬುದು ಸಭೆಯಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ, ಎದುರಿಗೆ ನಿಂತು ಉತ್ತರ ಹೇಳಲೂ ಸಾಧ್ಯವಾಗುತ್ತದೆ. ನಾಳೆ ನಾವು ಪದವೀಧರರೆನಿಸಿಕೊಂಡು ಊರಿಗೆ ಮರಳುವವರು. ಜಯಕಾರ ಕೇಳಿದಾಗ ಲೆಕ್ಕ ಕೇಳುವ ಅಭ್ಯಾಸವನ್ನು ಜೊತೆಗೆ ಕೊಂಡೊಯ್ದರೆ, ಈ ಮೂರು ವರ್ಷಗಳ ವ್ಯಾಸಂಗ ವ್ಯರ್ಥವಾಗದು.