ಫಾರ್ಮ್ಯಾಟ್ ಹೊಡೆಯುವ ಮುನ್ನ ಆ ಸಾಲು ಓದಿ

ಕಂಪ್ಯೂಟರ್ ಕೆಟ್ಟರೆ ನಮ್ಮ ಕಡೆ ಒಂದೇ ಔಷಧ: ‘ಫಾರ್ಮ್ಯಾಟ್ ಹೊಡಿ’. ರಿಪೇರಿ ಅಂಗಡಿಯಿಂದ ಹಿಡಿದು ಎಂಜಿನಿಯರಿಂಗ್ ಹಾಸ್ಟೆಲ್‌ವರೆಗೆ ಎಲ್ಲರೂ ಬರೆದುಕೊಡುವ ಚೀಟಿ ಇದೇ. ತಲೆನೋವು ಎಂದವನಿಗೆ ತಲೆಯನ್ನೇ ಬದಲಿಸುವ ಈ ಚಿಕಿತ್ಸೆ ಸುಲಭ, ನಿಜ. ಆದರೆ ಎಂಜಿನಿಯರ್ ಆಗಲು ಹೊರಟವರು ಇದನ್ನೇ ವಿದ್ಯೆ ಎಂದುಕೊಂಡರೆ ನಷ್ಟ ನಮಗೇ.

ಈ ಮಾತು ಈಗ ಹೇಳಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಹೊಸದು ಕೊಳ್ಳೋಣವೆಂದರೆ ಎಲ್ಲರ ಮನೆಗೂ ಕಬ್ಬಿನ ಬಿಲ್ ಬಂದಿರುವುದಿಲ್ಲ. ಹಾಗಾಗಿ ಮುಧೋಳದಂಥ ಊರಿನ ನಮ್ಮಂಥವರಿಗೆ ಉಬುಂಟುವಿನಂಥ ಉಚಿತ ಲಿನಕ್ಸ್ ಒಳ್ಳೆಯ ದಾರಿ. ಆದರೆ ಲಿನಕ್ಸ್‌ಗೂ ಫಾರ್ಮ್ಯಾಟ್ ಚಿಕಿತ್ಸೆಯನ್ನೇ ಮಾಡಿದರೆ ಅದು ಕಲಿಸಬಹುದಾದ ಪಾಠ ನಮಗೆ ಸಿಗುವುದೇ ಇಲ್ಲ.

ನನ್ನ ಸಹಪಾಠಿಯೊಬ್ಬನ ಲ್ಯಾಪ್‌ಟಾಪ್‌ಗೆ ಆದದ್ದನ್ನೇ ನೋಡಿ. ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಆಗಬೇಕಿತ್ತು, ಡಿಸ್ಕ್‌ನಲ್ಲಿ ಜಾಗ ಕಡಿಮೆ ಇತ್ತು. ಮೂಲ ಡೈರೆಕ್ಟರಿಯಲ್ಲಿ ಲಿಬ್ ಜೊತೆಗೆ ಲಿಬ್32, ಲಿಬ್64, ಲಿಬ್‌ಎಕ್ಸ್32 ಎಂಬ ಹೆಸರುಗಳು ಕಂಡವು. ‘ಹಳೆಯ ಆವೃತ್ತಿಯ ಉಳಿಕೆ’ ಎಂದುಕೊಂಡು ಮೂರನ್ನೂ ಅಳಿಸಿದ. ನಂತರ ಅಪ್‌ಗ್ರೇಡ್ ಆದೇಶ ಕೊಟ್ಟರೆ ‘ಅಂಥ ಫೈಲ್ ಅಥವಾ ಡೈರೆಕ್ಟರಿ ಇಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು. ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶಕ್ಕೂ ಅದೇ ಉತ್ತರ. ರೀಸ್ಟಾರ್ಟ್ ಮಾಡಿದ ಮೇಲೆ ಯಂತ್ರ ಏಳಲೇ ಇಲ್ಲ. ‘ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ತಮ್ಮಾ’ ಎಂದರು ಅಂಗಡಿಯವರು. ಎರಡು ತಿಂಗಳ ಮಿನಿ ಪ್ರಾಜೆಕ್ಟ್ ಅದರೊಳಗೇ ಇತ್ತು.

ಅಸಲಿಗೆ ಎಲ್‌ಎಸ್ ಎಲ್ಲಿಗೂ ಹೋಗಿರಲಿಲ್ಲ. ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ತಮಗೆ ಬೇಕಾದುದನ್ನೆಲ್ಲ ತಾವೇ ಹೊತ್ತಿರುವುದಿಲ್ಲ, ಎಲ್ಲರಿಗೂ ಸೇರಿದ ಲೈಬ್ರರಿಗಳಿಂದ ಕಡ ತರುತ್ತವೆ. ಹಾಗೆ ತಂದು ಜೋಡಿಸಿಕೊಡುವುದು ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಇಂಟೆಲ್, ಎಎಂಡಿ ಕಂಪನಿಗಳ 64 ಬಿಟ್ ಯಂತ್ರಗಳಲ್ಲಿ ಆ ಲೋಡರ್ ಲಿಬ್64ರಲ್ಲಿ ಸಿಗುತ್ತದೆ ಎಂಬ ವಿಳಾಸ ಇಂಥ ಪ್ರತಿ ಪ್ರೋಗ್ರಾಂನೊಳಗೂ ಬರೆದಿರುತ್ತದೆ. ಯಂತ್ರ ‘ಇಲ್ಲ’ ಎಂದದ್ದು ಎಲ್‌ಎಸ್ ಬಗ್ಗೆ ಅಲ್ಲ, ಆ ಲೋಡರ್ ಬಗ್ಗೆ.

ತಮಾಷೆಯೆಂದರೆ ಅಳಿಸಿದ್ದರಿಂದ ಜಾಗವೂ ಉಳಿಯಲಿಲ್ಲ. ಲಿಬ್64 ಈಗ ನಿಜವಾದ ಡೈರೆಕ್ಟರಿ ಅಲ್ಲ, ಯುಎಸ್‌ಆರ್ ಡೈರೆಕ್ಟರಿಯೊಳಗಿನ ಲಿಬ್64 ಕಡೆಗೆ ಕೈ ತೋರಿಸುವ, ಕೆಲವೇ ಬೈಟ್‌ಗಳ ಕೊಂಡಿ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಯಂತ್ರದಲ್ಲಿ ಒಂದು ಡಿಸ್ಕ್ ಸಾಲದೆ ಪ್ರೋಗ್ರಾಂಗಳು ಎರಡು ಕಡೆ ಹಂಚಿಹೋದವು. ಆ ವಿಂಗಡಣೆ ದಶಕಗಳ ಕಾಲ ಹಾಗೇ ಉಳಿಯಿತು. 2012ರಲ್ಲಿ ಫೆಡೋರಾ 17 ಎರಡನ್ನೂ ಒಂದುಗೂಡಿಸಿತು. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಈ ಏಕೀಕೃತ ವ್ಯವಸ್ಥೆಯೇ ಕಡ್ಡಾಯವಾಯಿತು. ಹಳೆಯ ವಿಳಾಸಕ್ಕೇ ಬರುವ ಪ್ರೋಗ್ರಾಂಗಳಿಗಾಗಿ ಕೊಂಡಿಗಳನ್ನು ಉಳಿಸಿಕೊಂಡಿದ್ದಾರೆ.

ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಡಿದ ಹೊಲದಲ್ಲಿ ರವದಿಯೂ ಇರುತ್ತದೆ, ಕೂಳೆಯೂ ಇರುತ್ತದೆ. ಹೊರಗಿನವರ ಕಣ್ಣಿಗೆ ಎರಡೂ ಕಸ. ಆದರೆ ಮುಂದಿನ ಬೆಳೆ ಏಳುವುದು ಕೂಳೆಯಿಂದ. ಯಾವುದು ಯಾವುದೆಂದು ಗೊತ್ತಿಲ್ಲದವರು ಕುಡುಗೋಲು ಹಿಡಿಯಬಾರದು. ಗೊತ್ತು ಮಾಡಿಕೊಳ್ಳುವ ದಾರಿ ಲಿನಕ್ಸ್‌ನಲ್ಲೇ ಇದೆ. ಒಂದು ಫೈಲ್ ಯಾವ ಪ್ಯಾಕೇಜಿಗೆ ಸೇರಿದ್ದೆಂದು ಡಿಪಿಕೆಜಿ ಹೇಳುತ್ತದೆ. ಒಂದು ಪ್ರೋಗ್ರಾಂ ಯಾವ ಲೈಬ್ರರಿಗಳನ್ನು ನೆಚ್ಚಿದೆ ಎಂದು ಎಲ್‌ಡಿಡಿ ತೋರಿಸುತ್ತದೆ.

ಆ ಲ್ಯಾಪ್‌ಟಾಪ್ ಸರಿಯಾಗಿದ್ದು ಹೇಗೆ? ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿ, ಒಳಗಿನ ಡಿಸ್ಕ್ ತೆರೆದು, ಮೊದಲು ಪ್ರಾಜೆಕ್ಟ್ ನಕಲು ಮಾಡಿಕೊಂಡೆವು. ನಂತರ ಒಂದೇ ಸಾಲಿನ ಆದೇಶದಿಂದ ಲಿಬ್64 ಕೊಂಡಿಯನ್ನು ಮತ್ತೆ ಕಟ್ಟಿದೆವು. ಯಂತ್ರ ಎದ್ದು ಕೂತಿತು. ಉಳಿದೆರಡು ಕೊಂಡಿಗಳನ್ನೂ ಹಾಗೆಯೇ ಕಟ್ಟಿ, ಬೇಡದ ವಿಡಿಯೊಗಳನ್ನು ತೆಗೆದು ಜಾಗ ಮಾಡಿದ ಮೇಲೆ ಅಪ್‌ಗ್ರೇಡ್ ಮುಗಿಯಿತು.

‘ಅರ್ಧ ಗಂಟೆಯಲ್ಲಿ ಫಾರ್ಮ್ಯಾಟ್ ಆಗುವಾಗ ಇಷ್ಟೆಲ್ಲ ತಲೆಬಿಸಿ ಏಕೆ?’ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ಫಾರ್ಮ್ಯಾಟೇ ಸರಿ, ವೈರಸ್ ಆಳಕ್ಕೆ ಇಳಿದಿದ್ದರೆ ಬೇರೆ ದಾರಿ ಇರುವುದಿಲ್ಲ. ಆದರೆ ನಾಳೆ ನಾವು ಕೆಲಸಕ್ಕೆ ಸೇರುವಲ್ಲಿನ ಸರ್ವರ್‌ನಲ್ಲಿ ಬ್ಯಾಂಕಿನ ಲೆಕ್ಕವೋ ಆಸ್ಪತ್ರೆಯ ದಾಖಲೆಯೋ ಇರುತ್ತದೆ. ಅಲ್ಲಿ ‘ಎಲ್ಲಾ ಅಳಿಸೋಣ’ ಎಂದವನನ್ನು ಯಾರೂ ಎಂಜಿನಿಯರ್ ಎನ್ನುವುದಿಲ್ಲ.

ನಮ್ಮ ಲ್ಯಾಬ್‌ಗಳಲ್ಲಿ ಪ್ರೋಗ್ರಾಂ ಓಡಿದರೆ ಅಂಕ, ಕೆಟ್ಟದ್ದನ್ನು ಏಕೆ ಕೆಟ್ಟಿತೆಂದು ಹುಡುಕಿದರೆ ಅಂಕವಿಲ್ಲ. ಇದು ಬದಲಾಗಬೇಕು. ವರ್ಚುವಲ್ ಮಷೀನ್‌ನಲ್ಲಿ ಬೇಕೆಂದೇ ಕೆಡಿಸಿದ ಲಿನಕ್ಸ್ ಕೊಟ್ಟು, ‘ಸರಿ ಮಾಡಿ, ಕಾರಣ ಬರೆಯಿರಿ’ ಎಂಬ ಒಂದು ಪ್ರಯೋಗ ಸೆಮಿಸ್ಟರ್‌ಗೊಂದರಂತೆ ಇರಲಿ. ಖರ್ಚು ಏನೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಲ್ಲಿ ಅನೇಕರು ಇಂಗ್ಲಿಷ್ ದೋಷ ಸಂದೇಶ ಕಂಡೊಡನೆ ಕಿಟಕಿ ಮುಚ್ಚುತ್ತಾರೆ. ಶಿಕ್ಷಕರು ಅಂಥ ಹತ್ತಿಪ್ಪತ್ತು ಸಂದೇಶಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಗೆಳೆಯರೇ, ದೋಷ ಸಂದೇಶ ಬೈಗುಳವಲ್ಲ, ಯಂತ್ರ ತನ್ನ ನೋವು ಹೇಳಿಕೊಳ್ಳುವ ಮಾತು. ಮುಂದಿನ ಸಲ ಲ್ಯಾಪ್‌ಟಾಪ್ ನಿಂತಾಗ ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಒಂದು ಗಂಟೆ ಅದರ ಬೆನ್ನು ಹತ್ತಿ. ಫಾರ್ಮ್ಯಾಟ್ ಎಲ್ಲಿಗೂ ಓಡಿಹೋಗುವುದಿಲ್ಲ.